ಹಳೆಯ ವಿಕಿ ಪುಟಗಳನ್ನು ಅಳಿಸಬೇಕೇ, ಉಳಿಸಬೇಕೇ?

ಪ್ರಶ್ನೆ: ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಬಂದ ನಾವು ಕೆಲವರು ಸೇರಿ, ಬ್ಲಾಕುಗಳಿಂದ ಲೋಕ ಕಟ್ಟುವ ಆಟಗಳನ್ನು ನಡೆಸುವ ಲುವಾಂಟಿ ಎಂಬ ಎಂಜಿನ್ನಿನಲ್ಲಿ (ತಂತ್ರಾಂಶದಲ್ಲಿ) ಗೋಳಗುಮ್ಮಟ ಕಟ್ಟುತ್ತಿದ್ದೇವೆ. ಸರ್ವರ್ ನಡೆಸುವುದರಿಂದ ಹಿಡಿದು ಮಾಡ್ (ಆಟಕ್ಕೆ ಹೊಸ ಅಂಶ ಸೇರಿಸುವ ಕೋಡ್) ಬರೆಯುವವರೆಗೆ ಎಲ್ಲವನ್ನೂ ಕನ್ನಡದಲ್ಲಿ ವಿವರಿಸುವ, ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಒಂದು ತಾಣವೂ ನಮಗಿದೆ. ಮೈನ್‌ಟೆಸ್ಟ್ ಎಂಬ ಹೆಸರು ಲುವಾಂಟಿ ಎಂದಾದ ಮೇಲೆ ನಮ್ಮವರೊಬ್ಬರು ಪುಟಗಳನ್ನು ತಾನಾಗಿಯೇ ತಿದ್ದುವ ಬಾಟ್ ಬಿಟ್ಟು ಎಲ್ಲ ಪುಟಗಳಲ್ಲೂ ಹೆಸರು ಬದಲಿಸಿದರು. ಈಗ ಹೊಸಬರು ಪುಟ ನೋಡಿಕೊಂಡು ಮಾಡಿದ ಯಾವ ಕೆಲಸವೂ ಸರಿಯಾಗುತ್ತಿಲ್ಲ. ಹಳೆಯದನ್ನೆಲ್ಲ ಅಳಿಸಿ ಮತ್ತೆ ಬರೆಯೋಣವೇ?
— ಓದುಗರು, ಚಿಂಚವಡ, ಪುಣೆ

ಉತ್ತರ: ದಯವಿಟ್ಟು ಅಳಿಸಬೇಡಿ. ಪುಟ ಅಳಿಸಿದರೆ ಅದನ್ನು ಯಾರು, ಯಾವಾಗ, ಏಕೆ ತಿದ್ದಿದರು ಎಂಬ ಇತಿಹಾಸವೂ ಓದುಗರಿಗೆ ಸಿಗದಂತಾಗುತ್ತದೆ. ಈಗಿನ ತೊಂದರೆಯಿಂದ ಹೊರಬರಲು ನಿಮಗೆ ಬೇಕಿರುವುದೇ ಆ ಇತಿಹಾಸ.

2010ರಲ್ಲಿ ಪೆರ್ತು ಆಹೋಲಾ ಆರಂಭಿಸಿದ ಮೈನ್‌ಟೆಸ್ಟ್ 2024ರ ಅಕ್ಟೋಬರ್‌ನಲ್ಲಿ ಲುವಾಂಟಿ ಆಯಿತು. ಬದಲಾದದ್ದು ಎಂಜಿನ್ನಿನ ಹೆಸರು. ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ ಈಗಲೂ ‘ಮೈನ್‌ಟೆಸ್ಟ್ ಡಾಟ್ ಕಾನ್ಫ್’. ನಿಮ್ಮ ಬಾಟ್ ಅದನ್ನೂ ಬದಲಿಸಿರುತ್ತದೆ. ಹೊಸಬರು ‘ಲುವಾಂಟಿ ಡಾಟ್ ಕಾನ್ಫ್’ ಎಂಬ ಕಡತಕ್ಕಾಗಿ ಹುಡುಕುತ್ತಾರೆ, ಸಿಗದೆ ತಾವೇ ಒಂದನ್ನು ಮಾಡಿಕೊಳ್ಳುತ್ತಾರೆ. ಅದರಲ್ಲಿ ಏನೇ ಬರೆದರೂ ಸರ್ವರ್ ಅದನ್ನು ತೆರೆದೂ ನೋಡುವುದಿಲ್ಲ. ಪುಟದಲ್ಲಿ ಹೇಳಿದಂತೆಯೇ ಮಾಡಿದವರು ತಪ್ಪು ತಮ್ಮದೇ ಇರಬೇಕೆಂದುಕೊಂಡು ಕೈಬಿಡುತ್ತಾರೆ. ವಿಕಿ ಮಾಡಬಹುದಾದ ಅನ್ಯಾಯಗಳಲ್ಲಿ ಇದೇ ದೊಡ್ಡದೆಂದು ನನ್ನ ಅಭಿಪ್ರಾಯ.

ಈ ಎಂಜಿನ್ನಿನ ಮೇಲೆ ನಡೆಯುವ ‘ಮೈನ್‌ಟೆಸ್ಟ್ ಗೇಮ್’ ಎಂಬ ಆಟದ ಹೆಸರೂ ಬದಲಾಗಿಲ್ಲ. ಮಾಡ್‌ಗಳ ಕೋಡ್‌ನಲ್ಲಿ ಎಂಜಿನ್ನಿನ ಫಂಕ್ಷನ್‌ಗಳನ್ನು ‘ಕೋರ್’ ಎಂಬ ಹೆಸರಿನಡಿ ಕರೆಯುವುದು ಈಗಿನ ರೂಢಿ. ಹಳೆಯ ‘ಮೈನ್‌ಟೆಸ್ಟ್’ ಕೂಡ ನಡೆಯುತ್ತದೆ, ‘ಲುವಾಂಟಿ’ ಎಂದು ಬರೆದರೆ ಮಾತ್ರ ಕೋಡ್ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಕೋಡ್, ಕಡತದ ಹೆಸರು, ಆದೇಶ ಇರುವ ಪುಟಗಳಲ್ಲಿ ಬಾಟ್ ಮಾಡಿದ ಸಂಪಾದನೆಯನ್ನು ಮೊದಲು ರದ್ದುಗೊಳಿಸಿ. ವಿವರಣೆಯ ವಾಕ್ಯಗಳಲ್ಲಿ ಹೊಸ ಹೆಸರನ್ನು ಆಮೇಲೆ ಕೈಯಿಂದಲೇ ಸೇರಿಸಿ. ಪುಟದ ಶೀರ್ಷಿಕೆ ಬದಲಿಸುವುದಿದ್ದರೆ ‘ಸ್ಥಳಾಂತರಿಸಿ’ ಸೌಲಭ್ಯ ಬಳಸಿ, ಹಳೆಯ ಹೆಸರಿನಲ್ಲಿ ಪುನರ್ನಿರ್ದೇಶನ (ಹೊಸ ಹೆಸರಿನ ಪುಟಕ್ಕೆ ಕಳಿಸುವ ಕೊಂಡಿ) ತಾನಾಗಿಯೇ ಉಳಿಯುತ್ತದೆ. ಅದೇ ಪುಟವನ್ನು ಎರಡನೆಯ ಸಲ ಸ್ಥಳಾಂತರಿಸಿದಾಗ ಎಚ್ಚರ ಬೇಕು: ಒಂದು ಪುನರ್ನಿರ್ದೇಶನ ಇನ್ನೊಂದಕ್ಕೆ ಕಳಿಸುತ್ತಿದ್ದರೆ ಮೀಡಿಯಾವಿಕಿ ನಡುವೆಯೇ ನಿಂತುಬಿಡುತ್ತದೆ.

ಇಷ್ಟು ಮಾಡಿದರೆ ಇಂದಿನ ತೊಂದರೆ ತೀರುತ್ತದೆ. ಮುಂದಿನ ಬಿಡುಗಡೆ ಬಂದಾಗ ಇದೇ ಪಾಡು ಮತ್ತೆ ಬರಬಾರದೆಂದರೆ, ತಾಂತ್ರಿಕ ಪುಟಗಳ ತಲೆಯ ಮೇಲೆ ಒಂದು ಸಾಲು ಇರಲೇಬೇಕು: ಈ ಪುಟದಲ್ಲಿರುವುದನ್ನು ಎಂಜಿನ್ನಿನ ಯಾವ ಆವೃತ್ತಿಯಲ್ಲಿ, ಯಾವ ಆಟದಲ್ಲಿ, ಯಾವ ದಿನ ಮಾಡಿ ನೋಡಲಾಗಿದೆ ಎಂದು.

ಆಟದ ಹೆಸರೂ ಏಕೆ ಬೇಕೆಂಬುದನ್ನು ನಿಮ್ಮ ಗುಮ್ಮಟದಲ್ಲೇ ನೋಡೋಣ. ಗೋಳಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಲುವಾಂಟಿಯಲ್ಲಿ ಒಂದು ಬ್ಲಾಕು ಒಂದು ಮೀಟರ್ ಎಂದು ಲೆಕ್ಕ. ವರ್ಲ್ಡ್‌ಎಡಿಟ್ ಮಾಡ್‌ನಲ್ಲಿ ಟೊಳ್ಳು ಗುಮ್ಮಟ ಎಬ್ಬಿಸುವ ಆದೇಶಕ್ಕೆ ತ್ರಿಜ್ಯ 22 ಎಂದು ಕೊಟ್ಟು, ಮುಂದೆ ಕಲ್ಲಿನ ಹೆಸರು ಬರೆದರೆ ಕಣ್ಣೆದುರೇ ಗುಮ್ಮಟ ಏಳುತ್ತದೆ. ಮೈನ್‌ಟೆಸ್ಟ್ ಗೇಮ್‌ನಲ್ಲಿ ಆ ಕಲ್ಲು ‘ಡೀಫಾಲ್ಟ್’ ಎಂಬ ಮಾಡ್‌ಗೆ ಸೇರಿದ್ದು. ಮಿನೆಕ್ಲೋನಿಯಾ ಎಂಬ ಇನ್ನೊಂದು ಆಟದಲ್ಲಿ ಹಾಗೆಯೇ ಕಾಣುವ ಕಲ್ಲು ‘ಎಂಸಿಎಲ್ ಕೋರ್’ ಮಾಡ್‌ನದು. ಒಂದರ ಪುಟ ನೋಡಿ ಇನ್ನೊಂದರಲ್ಲಿ ಆದೇಶ ಕೊಟ್ಟರೆ ಒಂದು ಕಲ್ಲೂ ಏಳುವುದಿಲ್ಲ. ಎರಡೂ ಪುಟಗಳು ಸರಿಯೇ, ಆದರೆ ಯಾವುದು ಎಲ್ಲಿಗೆ ಎಂದು ಬರೆದಿಲ್ಲ.

ಆವೃತ್ತಿಯ ಮಾತೂ ಅಷ್ಟೇ. 5.8ರಿಂದ ಈಚೆಗೆ ಎಂಜಿನ್ನಿನ ಜೊತೆ ಮೈನ್‌ಟೆಸ್ಟ್ ಗೇಮ್ ಬರುವುದಿಲ್ಲ, ಆಟ, ಮಾಡ್‌ಗಳ ಸಂಗ್ರಹವಾದ ಕಂಟೆಂಟ್‌ಡಿಬಿಯಿಂದ ಯಾವುದಾದರೂ ಆಟವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ‘ಇನ್‌ಸ್ಟಾಲ್ ಮಾಡಿ, ಹೊಸ ಲೋಕ ಆರಂಭಿಸಿ’ ಎಂದಷ್ಟೇ ಹೇಳುವ ಹಳೆಯ ಪುಟ ಇವತ್ತಿನ ಹುಡುಗನನ್ನು ಖಾಲಿ ಪಟ್ಟಿಯ ಮುಂದೆ ಕೂರಿಸುತ್ತದೆ.

ಆ ಸಾಲನ್ನು ಪುಟಪುಟದಲ್ಲೂ ಬೇರೆಬೇರೆಯಾಗಿ ಬರೆಯದೆ ಒಂದು ಟೆಂಪ್ಲೇಟು (ಎಲ್ಲ ಪುಟಗಳಲ್ಲೂ ಬಳಸಬಹುದಾದ ಸಿದ್ಧ ಅಚ್ಚು) ಮಾಡಿ. ಆವೃತ್ತಿಯ ಸಂಖ್ಯೆ ತುಂಬಿದೊಡನೆ ಪುಟ ಆ ಆವೃತ್ತಿಯ ವರ್ಗಕ್ಕೆ ತಾನೇ ಸೇರುವಂತೆ ಟೆಂಪ್ಲೇಟಿನೊಳಗೇ ವರ್ಗವನ್ನು ಬರೆದಿಡಿ. ಹೊಸ ಆವೃತ್ತಿ ಬಂದ ದಿನ ಯಾವ ಪುಟಗಳನ್ನು ನೋಡಬೇಕೆಂಬ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಎಲ್ಲವನ್ನೂ ಒಮ್ಮೆಗೇ ಸರಿಮಾಡುವ ಹಟ ಬೇಡ. ಇನ್‌ಸ್ಟಾಲ್ ಮಾಡುವ ಪುಟ, ಸರ್ವರ್ ಸೆಟ್ಟಿಂಗ್‌ಗಳ ಪುಟ, ಮೊದಲ ಮಾಡ್ ಬರೆಯುವ ಪುಟ ಈ ಮೂರು ಸರಿಯಿದ್ದರೆ ಹೊಸಬರು ಓಡಿಹೋಗುವುದಿಲ್ಲ.

ಪ್ರಶ್ನೆ: ಇಂಥದ್ದೇ ಒಂದು ವಿಕಿಯಲ್ಲಿ ಮಾಡ್ ಬರೆಯುವ ಬಗ್ಗೆ ಎರಡು ಪುಟ ಸೇರಿಸಿದೆ. ಕರಡನ್ನು ಕೃತಕ ಬುದ್ಧಿಮತ್ತೆಯಿಂದ ಬರೆಸಿ, ಕನ್ನಡವನ್ನು ನಾನೇ ತಿದ್ದಿದ್ದೆ. ಹಿರಿಯ ಸಂಪಾದಕರೊಬ್ಬರು ಎರಡನ್ನೂ ಕಾರಣ ಹೇಳದೆ ರದ್ದುಮಾಡಿದರು. ಮತ್ತೆ ಬರೆಯುವ ಮನಸ್ಸೇ ಇಲ್ಲ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಕಾರಣ ಬರೆಯದೆ ರದ್ದುಮಾಡಿದ್ದು ತಪ್ಪು. ‘ಸಂಪಾದನೆಯ ಸಾರಾಂಶ’ ಎಂಬ ಜಾಗ ಇರುವುದೇ ಅದಕ್ಕಾಗಿ. ಹೊಸಬರ ಬರಹ ತೆಗೆಯುವಾಗ ಅದನ್ನು ಖಾಲಿ ಬಿಡುವುದು ಮನೆಗೆ ಬಂದವರನ್ನು ಮಾತನಾಡಿಸದೆ ಬಾಗಿಲು ಹಾಕಿಕೊಂಡಂತೆ. ಆ ಪುಟದ ಚರ್ಚೆಯಲ್ಲಿ ‘ಯಾವ ಭಾಗ ಸರಿಯಿಲ್ಲ ಎಂದು ತಿಳಿಸುವಿರಾ?’ ಎಂದು ಕೇಳಿ. ಕೇಳಲು ನಿಮಗೆ ಪೂರ್ತಿ ಹಕ್ಕಿದೆ.

ಆದರೆ ನಾನೂ ನಿಮ್ಮನ್ನು ಒಂದು ಮಾತು ಕೇಳಬೇಕು. ಆ ಕೋಡ್ ಓಡಿಸಿ ನೋಡಿದಿರಾ? ಕನ್ನಡ ತಿದ್ದಿದ್ದೇನೆ ಎಂದು ಬರೆದಿದ್ದೀರಿ, ಕೋಡ್ ಬಗ್ಗೆ ಏನೂ ಹೇಳಿಲ್ಲ. ಯಂತ್ರ ಬರೆದ ಕರಡಿನಲ್ಲಿ ಎಂದೂ ಇಲ್ಲದ ಫಂಕ್ಷನ್ನಿನ ಹೆಸರು, ನಿಜವಾದುದಕ್ಕಿಂತ ಸಹಜವಾಗಿ ಕಾಣುವಂತೆ ಸೇರಿಕೊಳ್ಳುತ್ತದೆ. ಹಳೆಯ ಪದ್ಧತಿಗಳೂ ನುಸುಳುತ್ತವೆ. ಮಾಡ್‌ನ ಅವಲಂಬನೆಗಳನ್ನು ಹಿಂದೆ ‘ಡಿಪೆಂಡ್ಸ್’ ಎಂಬ ಪಠ್ಯ ಕಡತದಲ್ಲಿ ಬರೆಯುತ್ತಿದ್ದರು, ಈಗ ಬರೆಯುವುದು ‘ಮಾಡ್ ಡಾಟ್ ಕಾನ್ಫ್’ ಕಡತದಲ್ಲಿ. ನಿಮ್ಮ ಪುಟದಲ್ಲಿ ಯಾವುದಿದೆ ನೋಡಿ.

ಎಂಜಿನ್ನಿನ ಮೂಲ ಕೋಡ್ ಜೊತೆಗೇ, ಮಾಡ್‌ಗಳು ಬಳಸಬಹುದಾದ ಫಂಕ್ಷನ್‌ಗಳನ್ನು ವಿವರಿಸುವ ಲುವಾ ಎಪಿಐ ದಾಖಲೆ ಬರುತ್ತದೆ. ಪ್ರತಿಯೊಂದು ಫಂಕ್ಷನ್ನನ್ನೂ ಅಲ್ಲಿ ಹುಡುಕಿ, ಅದು ಇದೆಯೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಖಾಲಿ ಲೋಕವೊಂದರಲ್ಲಿ ನಿಮ್ಮ ಮಾಡ್ ಮಾತ್ರ ಹಾಕಿ ಓಡಿಸಿ, ಬಂದ ಫಲಿತಾಂಶದ ಚಿತ್ರ ಸಹಿತ ಪುಟ ಸೇರಿಸಿ. ಆ ದಾಖಲೆಯನ್ನೇ ಇಡಿಯಾಗಿ ಕನ್ನಡಕ್ಕೆ ಇಳಿಸಲು ಹೋಗಬೇಡಿ, ಅದು ಬದಲಾಗುವ ವೇಗಕ್ಕೆ ಸಣ್ಣ ಗುಂಪು ಸಾಲುವುದಿಲ್ಲ. ಬಾಗಿಲು ತೆರೆಯುವ ಮಾಡ್ ಬರೆಯುವುದು ಹೇಗೆ, ಎಲ್ಲಿ ಎಡವುತ್ತೇವೆ ಎಂಬುದನ್ನು ನಮ್ಮ ಮಾತಿನಲ್ಲಿ ಹೇಳುವ ಪುಟ ಆ ದಾಖಲೆಯಲ್ಲಿ ಸಿಗುವುದಿಲ್ಲ. ಅದನ್ನು ನೀವು ಬರೆಯಬಲ್ಲಿರಿ, ಬರೆಯಿರಿ.

ಪ್ರಶ್ನೆ: ನಮ್ಮ ವಿಕಿಯ ಹೋಸ್ಟಿಂಗ್ ನೋಡಿಕೊಳ್ಳುವ ಗೆಳೆಯರು ಕೆಲಸಕ್ಕಾಗಿ ವಿದೇಶಕ್ಕೆ ಹೊರಟಿದ್ದಾರೆ. ಪುಟಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿದ ಎಕ್ಸ್‌ಎಂಎಲ್ ಡಂಪ್ ತೆಗೆದುಕೊಟ್ಟಿದ್ದಾರೆ. ಸಾಕೇ?
— ಓದುಗರು, ವಾಸ್ಕೊ, ಗೋವಾ

ಉತ್ತರ: ಸಾಲದು. ಅದರಲ್ಲಿ ಪುಟಗಳ ಪಠ್ಯವೂ, ಕೇಳಿ ತೆಗೆಸಿದ್ದರೆ ಇತಿಹಾಸವೂ ಇರುತ್ತದೆ. ಚಿತ್ರಗಳ ಕಡತಗಳಾಗಲಿ ಸದಸ್ಯರ ಖಾತೆಗಳಾಗಲಿ ಇರುವುದಿಲ್ಲ. ಡೇಟಾಬೇಸಿನ ಪೂರ್ತಿ ನಕಲು, ‘ಇಮೇಜಸ್’ ಫೋಲ್ಡರ್, ವಿಸ್ತರಣೆಗಳು ಮತ್ತು ‘ಲೋಕಲ್‌ಸೆಟ್ಟಿಂಗ್ಸ್’ ಕಡತವನ್ನೂ ಕೇಳಿ ಪಡೆಯಿರಿ. ಕೊನೆಯದರಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಇರುತ್ತದೆ, ಗುಂಪಿನಲ್ಲಿ ಎಲ್ಲರಿಗೂ ಹಂಚಬೇಡಿ. ಡೊಮೇನ್ ಯಾರ ಹೆಸರಿನಲ್ಲಿದೆ, ನವೀಕರಣದ ಇಮೇಲ್ ಯಾರಿಗೆ ಬರುತ್ತದೆ ಎಂದೂ ಕೇಳಿ. ನಂತರ ಬೇರೊಂದು ಕಂಪ್ಯೂಟರಿನಲ್ಲಿ ಈ ನಕಲಿನಿಂದಲೇ ವಿಕಿಯನ್ನು ಎಬ್ಬಿಸಿ, ಚಿತ್ರಗಳಿರುವ ಒಂದು ಪುಟ ತೆರೆದು, ನಿಮ್ಮ ಖಾತೆಯಿಂದ ಲಾಗಿನ್ ಆಗಿ ನೋಡಿ. ಇದಿಷ್ಟೂ ಆ ಗೆಳೆಯರು ಊರಲ್ಲಿರುವಾಗಲೇ, ಪಕ್ಕದಲ್ಲಿ ಕೂತಿರುವಾಗಲೇ ಮುಗಿಯಲಿ.