ಮನೆಯಲ್ಲಿ ಬೆಳ್ಳಿ ನೀರು ಮಾಡಿದರೆ ಹಾಲಿನ ಹಾಗೆ ಬಿಳಿಯಾಗುವುದು ಯಾಕೆ? ಕುಡಿಯಬಹುದಾ?

ಮೂರು 9 ವೋಲ್ಟ್ ಬ್ಯಾಟರಿ ಜೋಡಿಸಿ, ಬಾವಿ ನೀರಿನಲ್ಲಿ ಎರಡು ಬೆಳ್ಳಿ ತಂತಿ ಇಳಿಸಿ ಕೊಲಾಯ್ಡಲ್ ಸಿಲ್ವರ್ (ಬೆಳ್ಳಿಯ ಅತಿ ಸಣ್ಣ ಕಣಗಳು ತೇಲುವ ನೀರು) ಮಾಡಿದೆ, ನೀರು ಬಿಳಿಯಾಯಿತು, ಕುಡಿಯಲಾ ಅಂತ ಕೇಳಿದ್ದೀರಿ. ಕುಡಿಯಬೇಡಿ. ನಾನೂ ಇಲ್ಲೇ ಎಡವಿದವನು.

ನಮ್ಮ ಮನೆ ಉಪ್ಪಳದ ಕಡಲ ಹತ್ತಿರ. ಬೇಸಿಗೆಯಲ್ಲಿ ಬಾವಿ ನೀರು ಸ್ವಲ್ಪ ಉಪ್ಪುಪ್ಪು. ಮೊದಲ ಸಲ ಆ ನೀರಿನಲ್ಲೇ ಮಾಡಿದೆ, ತಂತಿಯ ಬದಲು ಅಮ್ಮನ ಹಳೆಯ ಗೆಜ್ಜೆಯ ತುಂಡು ಕಟ್ಟಿ (ಕೇಳದೆ ತೆಗೆದದ್ದು, ಆ ಕತೆ ಬೇಡ). ಸ್ವಲ್ಪ ಹೊತ್ತಲ್ಲೇ ಬಿಳಿ ಮಬ್ಬು. ಗೆದ್ದೆ ಅಂದುಕೊಂಡೆ. ಆದರೆ ಅದು ಸಿಲ್ವರ್ ಕ್ಲೋರೈಡ್. ಬೆಳ್ಳಿಯ ಅಯಾನು (ವಿದ್ಯುತ್ ಆವೇಶ ಪಡೆದು ನೀರಿನಲ್ಲಿ ಕರಗಿದ ಬೆಳ್ಳಿಯ ಪರಮಾಣು) ಉಪ್ಪಿನ ಕ್ಲೋರೈಡ್ ಜೊತೆ ಸೇರಿದರೆ ಕರಗದ ಬಿಳಿ ಪುಡಿಯಾಗುತ್ತದೆ. ಲೋಟ ಕಿಟಕಿಯಲ್ಲಿ ಬಿಸಿಲಿಗಿತ್ತು, ಸಂಜೆಗೆ ಬೂದು ನೇರಳೆ ಬಣ್ಣ. ಹಳೆಯ ಕಾಲದ ಫೋಟೋ ಕಾಗದ ಬೆಳಕಿಗೆ ಕಪ್ಪಾಗುತ್ತಿದ್ದದ್ದೂ ಬೆಳ್ಳಿಯ ಉಪ್ಪಿನ ಇದೇ ಗುಣದಿಂದ. ಇನ್ನು ಗೆಜ್ಜೆಯ ಬೆಳ್ಳಿಗೆ ತಾಮ್ರ ಬೆರೆಸಿರುತ್ತಾರೆ, ಅದೂ ನೀರಿಗೆ ಇಳಿಯುತ್ತದೆ.

ಎರಡನೇ ಸಲ ಡಿಸ್ಟಿಲ್ಡ್ ವಾಟರ್, ಶುದ್ಧ ಬೆಳ್ಳಿ ತಂತಿ. ಶುದ್ಧ ನೀರಿನಲ್ಲಿ ಕರೆಂಟ್ ಹರಿಯುವುದೇ ಕಷ್ಟ, ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಮೈನಸ್ ತಂತಿಗೆ ಕಪ್ಪು ಬೂಸ್ಟಿನಂಥದ್ದು ಹತ್ತಿತು, ನೀರಿಗೆ ತೆಳು ಹಳದಿ ಬಂತು. ರಾತ್ರಿ ಲೈಟ್ ಆರಿಸಿ ಲೇಸರ್ ಬಿಟ್ಟರೆ ಲೋಟದೊಳಗೆ ಕೆಂಪು ಗೆರೆ! ಕಣಗಳು ಬೆಳಕನ್ನು ಚದುರಿಸುವುದರಿಂದ ಹಾಗೆ, ಇದನ್ನು ಟಿಂಡಾಲ್ ಪರಿಣಾಮ ಅಂತಾರೆ. ಇದೊಂದನ್ನು ನೋಡಲಾದರೂ ಮಾಡಬಹುದು.

ಆದರೆ ಅದೇ ನೀರನ್ನು ಸ್ವಲ್ಪ ತೆಗೆದು ಚಿಟಿಕೆ ಉಪ್ಪು ಹಾಕಿದೆ. ಮತ್ತೆ ಬಿಳಿ ಮಬ್ಬು. ಅಂದರೆ ಬೆಳ್ಳಿ ಎಲ್ಲವೂ ಕಣವಾಗಿಲ್ಲ, ಅಯಾನಾಗಿಯೂ ಕರಗಿಕೊಂಡಿದೆ. ಮನೆಯ ಬ್ಯಾಟರಿ ವಿಧಾನದಲ್ಲಿ ಸಾಮಾನ್ಯವಾಗಿ ಅಯಾನಿನ ಪಾಲೇ ಜಾಸ್ತಿ. ಕುಡಿದರೆ ಹೊಟ್ಟೆಯ ಆಮ್ಲದಲ್ಲೂ ಕ್ಲೋರೈಡ್ ಇದೆ, ಅಲ್ಲೂ ಇದೇ ಬಿಳಿ ಪುಡಿ ಆಗುತ್ತದೆ, ಅಲ್ವಾ?

ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುವುದು ಸುಳ್ಳಲ್ಲ. ಸುಟ್ಟ ಗಾಯಕ್ಕೆ ಡಾಕ್ಟರು ಕೊಡುವ ಸಿಲ್ವರ್ ಸಲ್ಫಾಡಯಜಿನ್ ಕ್ರೀಮಿನಲ್ಲಿ ಅದೇ ಇದೆ. ಆದರೆ ಅದು ಮೈಮೇಲೆ ಹಚ್ಚುವ ಮದ್ದು. ಮೈಲುತುತ್ತು ಅಡಿಕೆಯ ಕೊಳೆರೋಗ ತಡೆಯುತ್ತದೆ ಅಂತ, ತೋಟಕ್ಕೆ ಹೊಡೆದು ಉಳಿದ ಮೈಲುತುತ್ತಿನ ಬೋರ್ಡೋ ದ್ರಾವಣವನ್ನು ಯಾರೂ ಕುಡಿಯುವುದಿಲ್ಲ. ಅಮೆರಿಕದ ಮೊಂಟಾನಾದಲ್ಲಿ ಸ್ಟಾನ್ ಜೋನ್ಸ್ ಅಂತ ಒಬ್ಬ ರಾಜಕಾರಣಿ. 2000ನೇ ಇಸವಿ ಬಂದರೆ ಕಂಪ್ಯೂಟರ್ ಕೆಟ್ಟು ಔಷಧ ಸಿಗದು ಅಂತ ಹೆದರಿ, ಬೆಳ್ಳಿ ನೀರನ್ನು ಮನೆಯಲ್ಲೇ ಮಾಡಿ ಕುಡಿದರು. ಚರ್ಮ ನೀಲಿ ಬೂದು ಬಣ್ಣಕ್ಕೆ ತಿರುಗಿತು. ಇದಕ್ಕೆ ಆರ್ಜಿರಿಯಾ ಎನ್ನುತ್ತಾರೆ, ಸಾಮಾನ್ಯವಾಗಿ ಆ ಬಣ್ಣ ವಾಪಸ್ ಹೋಗುವುದಿಲ್ಲ. ಅಲ್ಲಿನ ಎಫ್‌ಡಿಎ (ಆಹಾರ, ಔಷಧಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) 1999ರಲ್ಲೇ, ಕೊಲಾಯ್ಡಲ್ ಸಿಲ್ವರ್ ಇರುವ ಔಷಧಗಳು ಸುರಕ್ಷಿತ, ಪರಿಣಾಮಕಾರಿ ಅಂತ ಒಪ್ಪಲಾಗದು ಎಂದು ನಿಯಮ ಮಾಡಿದೆ.

ಮಿಕ್ಕಿದ್ದನ್ನು ಕೆರೆಗೆ, ತೋಡಿಗೆ ಚೆಲ್ಲಬೇಡಿ, ಬೆಳ್ಳಿ ಅಯಾನು ಮೀನಿಗೆ ವಿಷ. ನಾನು ಉಪ್ಪು ಹಾಕಿ ಎಲ್ಲವನ್ನೂ ತಳಕ್ಕೆ ಇಳಿಸಿ, ಆ ಪುಡಿಯನ್ನು ಬಾಟಲಿಯಲ್ಲಿ ಮುಚ್ಚಿಟ್ಟಿದ್ದೇನೆ.