ಬಾಕಿ ಬಿಲ್ ಮೊದಲು, ಹುರುಪು ಆಮೇಲೆ

ನಿಮ್ಮ ಪೋಸ್ಟ್ ನಿನ್ನೆ ರಾತ್ರಿಯೇ ಓದಿದೆ. ಎಂಟು ವರ್ಷ ಜಾಹೀರಾತು ಏಜೆನ್ಸಿಯಲ್ಲಿ ಕನ್ನಡ ಕಾಪಿ, ಅಂದರೆ ಜಾಹೀರಾತಿನ ಮಾತು, ಬರೆದಿದ್ದೀರಿ, ಫೆಬ್ರವರಿಯಲ್ಲಿ ಕೆಲಸ ಹೋಯಿತು, ಆಮೇಲೆ ಹಿಡಿದ ಇಬ್ಬರು ಕ್ಲೈಂಟ್‌ಗಳಲ್ಲಿ ಒಬ್ಬರು ಎಐಯಲ್ಲೇ ಬರೆಸಿಕೊಳ್ಳುತ್ತೇವೆ ಅಂದರು, ಇನ್ನೊಬ್ಬರು ಟ್ರ್ಯಾಕ್ಟರ್ ಜಾಹೀರಾತಿನ ಸ್ಕ್ರಿಪ್ಟನ್ನು ಮೂರು ಸಲ ತಿದ್ದಿಸಿ ಕೊನೆಗೆ ಬೇಡ ಅಂದರು. "ಲ್ಯಾಪ್‌ಟಾಪ್ ತೆರೆಯೋಕೇ ಮನಸ್ಸಾಗಲ್ಲ, 34ಕ್ಕೆ ಹೊಸದಾಗಿ ಶುರು ಮಾಡೋಕೆ ಆಗುತ್ತಾ" ಅಂತ ಕೇಳಿದ್ದೀರಿ. ಬೇರೆಯವರು ಧೈರ್ಯ ಹೇಳಿದ್ದಾರೆ, ಒಳ್ಳೆಯದು. ನಾನು ಸ್ವಲ್ಪ ಬೇರೆ ಕಡೆಯಿಂದ ಬರುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತಾದಾಗ ಓದಿ.

ಮೊದಲು ಒಂದು ಪ್ರಶ್ನೆ. ನಿಮಗೆ ಬರಬೇಕಾದ ಬಾಕಿ ಎಷ್ಟಿದೆ?

ಯಾಕೆ ಕೇಳಿದೆ ಅಂದರೆ, 2019ರಲ್ಲಿ ನಾನಿದ್ದ ಏಜೆನ್ಸಿಯ ಕೈಯಿಂದ ಒಂದು ದೊಡ್ಡ ಕ್ಲೈಂಟ್ ಕಂಪನಿ ಹೋಯಿತು, ಭಾಷೆ ಟೀಮಿನ ನಾಲ್ವರನ್ನು ಒಂದೇ ಮಧ್ಯಾಹ್ನ ಮನೆಗೆ ಕಳಿಸಿದರು. ಫ್ರೀಲ್ಯಾನ್ಸ್ ಅಂತ ಶುರು ಮಾಡಿ ಕಾಲೂರುವಷ್ಟರಲ್ಲಿ ಲಾಕ್‌ಡೌನ್ ಬಂತು. ಆ ವರ್ಷ ಬರೆಯಲು ಕೂತರೆ ಒಂದು ಸಾಲೂ ಹೊರಡುತ್ತಿರಲಿಲ್ಲ. ನನ್ನ ಕೈಯಲ್ಲಿ ಇನ್ನು ಬರೆಯುವುದು ಆಗಲ್ಲ ಅಂತ ನಂಬಿಬಿಟ್ಟಿದ್ದೆ. ನನ್ನ ಹೆಂಡತಿ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಒಂದು ಭಾನುವಾರ ಪಕ್ಕದಲ್ಲಿ ಕೂತು ನನಗೆ ಬರಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿದಳು. ಐದು ಬಿಲ್, ಒಟ್ಟು 1,12,000 ರೂಪಾಯಿ, ಹಳೆಯದಕ್ಕೆ ಏಳು ತಿಂಗಳಾಗಿತ್ತು. ಅದರಲ್ಲಿ ಎರಡು ಬಿಲ್‌ಗೆ ನಾನು ಒಂದು ರಿಮೈಂಡರ್ ಕೂಡ ಹಾಕಿರಲಿಲ್ಲ. ಕೇಳಿದರೆ ಮುಂದಿನ ಕೆಲಸ ಕೊಡಲ್ವೇನೋ ಅನ್ನುವ ಅಂಜಿಕೆ. ಆಮೇಲೆ ಮೂರು ವಾರ, ದಿನಾ ಬೆಳಗ್ಗೆ ಹತ್ತಕ್ಕೆ ಅದೊಂದೇ ಕೆಲಸ ಮಾಡಿದೆ. 68,000 ಬಂತು. ಅದು ಬಂದ ವಾರವೇ ಸಾಲುಗಳೂ ಬರತೊಡಗಿದವು. ಬಾಡಿಗೆಯ ಚಿಂತೆ ತಲೆಯಲ್ಲಿ ಕೂತಿದ್ದಾಗ ಹೆಡ್‌ಲೈನ್‌ಗೆ ಜಾಗವೇ ಇರಲಿಲ್ಲ.

ವಸೂಲಿ ಹೇಗೆ ಅಂದರೆ, ಬ್ರ್ಯಾಂಡ್ ಮ್ಯಾನೇಜರ್ ಹಿಂದೆ ಬೀಳಬೇಡಿ, ಅವರಿಗೆ ನಿಮ್ಮ ಬಿಲ್ ನೆನಪೇ ಇರುವುದಿಲ್ಲ. ಅಕೌಂಟ್ಸ್‌ನವರ ಫೋನ್ ನಂಬರ್ ಕೇಳಿ ತೆಗೆದುಕೊಳ್ಳಿ. "ದುಡ್ಡು ಯಾವಾಗ" ಅಂತ ಕೇಳುವ ಮೊದಲು "ಪಿಓ ನಂಬರ್ ಸರಿ ಇದೆಯಾ, ವೆಂಡರ್ ಕೋಡ್ ಆಗಿದೆಯಾ" ಅಂತ ಕೇಳಿ. ಪಿಓ ಅಂದರೆ ಕಂಪನಿ ಕೊಡುವ ಲಿಖಿತ ಆರ್ಡರ್, ವೆಂಡರ್ ಕೋಡ್ ಅಂದರೆ ಅವರ ಲೆಕ್ಕದಲ್ಲಿ ನಿಮ್ಮ ನಂಬರ್. ನನ್ನ ಐದರಲ್ಲಿ ಎರಡು ಬಿಲ್ ನಿಂತಿದ್ದೇ ಪಿಓ ಇಲ್ಲದ್ದಕ್ಕೆ, ಯಾರಿಗೂ ಕೊಡಬಾರದು ಅಂತ ಇರಲಿಲ್ಲ. ಹಾಗೇ ಇನ್ನು ಮುಂದಿನ ಕೆಲಸಕ್ಕೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ವೆಬ್‌ಸೈಟ್‌ನಲ್ಲಿ ನೀವೇ ಮಾಡಬಹುದು. ಪೂರ್ತಿ ಉಚಿತ, ಏಜೆಂಟ್‌ಗೆ ಒಂದು ಪೈಸೆ ಕೊಡಬೇಡಿ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಒಪ್ಪಂದ ಇದ್ದರೂ 45 ದಿನದ ಒಳಗೆ ಹಣ ಕೊಡಬೇಕು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಅದಕ್ಕಿಂತ ಜಾಸ್ತಿ ಕೆಲಸ ಮಾಡುವುದು ಆದಾಯ ತೆರಿಗೆಯಲ್ಲಿ 2023ರ ಫೈನಾನ್ಸ್ ಆಕ್ಟ್ ತಂದ ನಿಯಮ. ಈ ಗಡುವಿನೊಳಗೆ ಕೊಡದಿದ್ದರೆ ಕಂಪನಿ ಆ ಮೊತ್ತವನ್ನು ಕೊಟ್ಟ ವರ್ಷದಲ್ಲಷ್ಟೇ ಖರ್ಚು ಅಂತ ತೋರಿಸಬಹುದು. ಇದಕ್ಕೆ ಜಗಳ ಏನೂ ಬೇಡ. ಬಿಲ್ ಕೆಳಗೆ ಉದ್ಯಮ್ ನಂಬರ್ ಹಾಕಿ, ಅಕೌಂಟ್ಸ್‌ನವರಿಗೆ ಅರ್ಥ ಆಗುತ್ತದೆ. ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ, ಅದನ್ನೂ ನೋಡಿ. ನಮ್ಮ ಬಿಲ್‌ಗಳಲ್ಲಿ ಸಾಮಾನ್ಯವಾಗಿ 10% ಹಿಡಿಯುತ್ತಾರೆ, ವರಮಾನ ಕಮ್ಮಿ ಇದ್ದ ವರ್ಷ ರಿಟರ್ನ್ ಹಾಕಿದರೆ ಅದು ವಾಪಸ್ ಬರುತ್ತದೆ. ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ.

ಇನ್ನು ಎಐ ವಿಷಯ. ನಿಮಗೆ ಸಮಾಧಾನಕ್ಕೆ ಅಂತ ಸುಳ್ಳು ಹೇಳಲಾರೆ. ಪದಕ್ಕಿಷ್ಟು ಅಂತ ಬರೆಯುತ್ತಿದ್ದ ಪ್ರಾಡಕ್ಟ್ ವಿವರ, ವೆಬ್‌ಸೈಟ್ ತುಂಬಿಸುವ ಲೇಖನ, ಅದೆಲ್ಲ 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕಮ್ಮಿಯಾಗುತ್ತಾ ಹೋಯಿತು, ನನ್ನ ಹತ್ತಿರವಂತೂ ಈಗ ಒಂದೂ ಉಳಿದಿಲ್ಲ. ಅದು ವಾಪಸ್ ಬರುತ್ತದೆ ಅಂತ ಕಾಯಬೇಡಿ. ಆದರೆ ಎಐ ಸಾಕು ಅಂದ ಆ ಕ್ಲೈಂಟ್‌ಗೆ ಒಂದು ತಿಂಗಳು ಬಿಟ್ಟು ಮೆಸೇಜ್ ಮಾಡಿ, "ನಿಮ್ಮ ಕನ್ನಡ ನೋಡಿಕೊಡಲಾ" ಅಂತ. ಎಐ ಬರೆಯುವ ಕನ್ನಡದಲ್ಲಿ ಪ್ರತಿ ಜಾಹೀರಾತೂ "ಇಂದೇ ಖರೀದಿಸಿ" ಅನ್ನುತ್ತದೆ, ಅಂಗಡಿಯಲ್ಲಿ ಯಾರಾದರೂ ಹಾಗೆ ಮಾತಾಡುತ್ತಾರಾ? ಹಿಂದಿಯ 30 ಸೆಕೆಂಡಿನ ರೇಡಿಯೋ ಸ್ಕ್ರಿಪ್ಟನ್ನು ಹಾಗೇ ಕನ್ನಡಕ್ಕೆ ತಂದು ಕೊಡುತ್ತದೆ, ಕಲಾವಿದರು ಓದಿದರೆ ಸಮಯ ಮೀರಿಬಿಡುತ್ತದೆ. ಡಿಸೈನರ್‌ಗೆ ಕನ್ನಡ ಬಾರದಿದ್ದರೆ ಪೋಸ್ಟರ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿರುತ್ತದೆ, ಪ್ರಿಂಟ್ ಆಗುವವರೆಗೂ ಗೊತ್ತಾಗುವುದಿಲ್ಲ. ಇವತ್ತು ನನ್ನ ಸಂಪಾದನೆಯ ಅರ್ಧದಷ್ಟು ಇಂಥ ತಿದ್ದುವ, ಸ್ಟುಡಿಯೋದಲ್ಲಿ ಕೂತು ರೆಕಾರ್ಡಿಂಗ್ ನೋಡಿಕೊಳ್ಳುವ ಕೆಲಸದಿಂದ ಬರುತ್ತದೆ. ಒಂದು ಮಾತು, ತಿದ್ದುವುದಕ್ಕೆ ಬರೆಯುವುದಕ್ಕಿಂತ ಕಮ್ಮಿ ರೇಟ್ ಒಪ್ಪಬೇಡಿ. ಹೊತ್ತು ಅಷ್ಟೇ ಹಿಡಿಯುತ್ತದೆ.

ಟ್ರ್ಯಾಕ್ಟರ್ ಸ್ಕ್ರಿಪ್ಟ್ ಬೇಡ ಅಂದಿದ್ದು ನಿಮಗೆ ಎಲ್ಲಕ್ಕಿಂತ ಜಾಸ್ತಿ ನೋವು ಮಾಡಿದೆ ಅಂತ ನಿಮ್ಮ ಮಾತಿನಲ್ಲೇ ಗೊತ್ತಾಗುತ್ತದೆ. ಯಾಕೆ ಬೇಡ ಅಂತ ಕೇಳಿದಿರಾ? ನಾನು ಒಂದು ಕಣ್ಣಿನ ತಪಾಸಣೆ ಶಿಬಿರಕ್ಕೆ ಪೋಸ್ಟರ್ ಬರೆದಿದ್ದೆ. "ಮೊಮ್ಮಗಳ ಮುಖ ಮಸುಕಾಗಿ ಕಾಣುತ್ತಾ?" ಅನ್ನುವುದು ನನ್ನ ಸಾಲು, ಬಹಳ ಇಷ್ಟಪಟ್ಟು ಬರೆದಿದ್ದು. ಒಂದೇ ನಿಮಿಷದಲ್ಲಿ ಬೇಡ ಅಂದರು. ಎರಡು ವಾರ ಮುಖ ಊದಿಸಿಕೊಂಡಿದ್ದೆ. ಕೊನೆಗೆ ಫೋನ್ ಮಾಡಿ ಕೇಳಿದರೆ ಶಿಬಿರದ ಮೇಡಂ ಹೇಳಿದರು, ಶಿಬಿರ ಪೊರೆ ಬಂದವರಿಗೆ ಮಾತ್ರ ಅಲ್ಲ, ಸಕ್ಕರೆ ಕಾಯಿಲೆ ಇರುವ ನಲವತ್ತರ ಆಸುಪಾಸಿನವರೂ ಬರಬೇಕು, ಮೊಮ್ಮಗಳು ಅಂದ ಕೂಡಲೇ ಅವರು ಇದು ಅಜ್ಜ ಅಜ್ಜಿಯರಿಗೆ ಅಂತ ಹೋಗಿಬಿಡುತ್ತಾರೆ ಅಂತ. ಅಷ್ಟು ಸಣ್ಣ ಕಾರಣ. ಬ್ರೀಫ್‌ನಲ್ಲೇ, ಅಂದರೆ ಏನು ಬೇಕು ಅಂತ ಅವರು ಕೊಟ್ಟ ಟಿಪ್ಪಣಿಯಲ್ಲೇ, ಅದು ಇರಲಿಲ್ಲ. ಆ ಸಾಲು ಎತ್ತಿಟ್ಟಿದ್ದೆ, ಎರಡು ವರ್ಷ ಬಿಟ್ಟು ಬೇರೆ ಊರಿನ ಪೊರೆ ಆಪರೇಷನ್ ಶಿಬಿರಕ್ಕೆ ಹಾಗೇ ಹೋಯಿತು.

ನಿಮ್ಮದರಲ್ಲೂ ಅಂಥದ್ದೇನೋ ಇರಬಹುದು. ನೀವು ಮಂಡ್ಯದವರು ಅಂದಿರಿ, ಸ್ಕ್ರಿಪ್ಟ್ ಹಾವೇರಿ, ಗದಗ ಕಡೆಗೆ. ಅಲ್ಲಿನ ಹೊಲದ ಮಾತೇ ಬೇರೆ, ರಂಟೆ ಹೊಡೆಯುತ್ತಾರೆ, ಕುಂಟೆ ಹೊಡೆಯುತ್ತಾರೆ. "ಉಳುಮೆಯ ಸಂಗಾತಿ" ಅಂತ ಬರೆದರೆ ಅರ್ಥ ಆಗುತ್ತದೆ, ಆದರೆ ತಮಗೆ ಹೇಳಿದ ಹಾಗೆ ಅನಿಸುವುದಿಲ್ಲ. ಒಂದು ದಿನ ಬಸ್ ಹತ್ತಿ ಹೋಗಿ, ಯಾವುದಾದರೂ ಟ್ರ್ಯಾಕ್ಟರ್ ಶೋರೂಮಿನ ಬೆಂಚಿನ ಮೇಲೆ ಎರಡು ತಾಸು ಸುಮ್ನೆ ಕೂತುಕೊಳ್ಳಿ. ಡೀಸೆಲ್ ಎಷ್ಟು ಕುಡಿಯುತ್ತದೆ, ಸ್ಪೇರ್ ಇಲ್ಲೇ ಸಿಗುತ್ತದಾ, ಕಂತು ಎಷ್ಟು, ಇಂಥದ್ದೇ ಮಾತು. ನನಗೆ ಬರೆಯುವ ಆಸೆ ವಾಪಸ್ ಬರುವುದು ಬಹುತೇಕ ಇಂಥ ಬೆಂಚುಗಳ ಮೇಲೆ, ಮನೆಯ ಟೇಬಲ್ ಮುಂದೆ ಕೂತಾಗ ಅಲ್ಲವೇ ಅಲ್ಲ.

34 ತಡವಾಯಿತಾ ಅಂದರೆ, ಜಾಹೀರಾತು ಲೋಕದ ದೊಡ್ಡ ಹೆಸರು ಡೇವಿಡ್ ಓಗಿಲ್ವಿ ನ್ಯೂಯಾರ್ಕ್‌ನಲ್ಲಿ ಏಜೆನ್ಸಿ ಶುರು ಮಾಡಿದ್ದು 1948ರಲ್ಲಿ, ಆಗ ಅವರಿಗೆ 37. ಅದಕ್ಕೂ ಮೊದಲು ಅಡುಗೆಮನೆಯಲ್ಲಿ ಕೆಲಸ ಮಾಡಿದ್ದರು, ಮನೆ ಮನೆಗೆ ಹೋಗಿ ಒಲೆ ಮಾರಿದ್ದರು. ನಮ್ಮ ದೇಶದ ಹೆಸರಾಂತ ಜಾಹೀರಾತು ಬರಹಗಾರ ಪೀಯೂಷ್ ಪಾಂಡೆ 1982ರಲ್ಲಿ ಜಾಹೀರಾತಿಗೆ ಬಂದಾಗ ಬರಹಗಾರರಾಗಿ ಬರಲಿಲ್ಲ, ಕ್ಲೈಂಟ್‌ಗಳ ಜೊತೆ ವ್ಯವಹರಿಸುವ ಕ್ಲೈಂಟ್ ಸರ್ವೀಸಿಂಗ್‌ನಲ್ಲಿದ್ದರು, ಅದಕ್ಕೂ ಮುಂಚೆ ಟೀ ರುಚಿ ನೋಡುವ ಕೆಲಸ. ನಿಮ್ಮ ಕೈಯಲ್ಲಿ ಎಂಟು ವರ್ಷದ ಕೆಲಸ ಇದೆಯಲ್ಲ.

ಮುಂದಿನ ಕ್ಲೈಂಟ್‌ಗೆ ಅರ್ಧ ಅಡ್ವಾನ್ಸ್ ಕೇಳಿ, ಎರಡು ಸಲ ತಿದ್ದಿಕೊಡುತ್ತೇನೆ, ಮೂರನೆಯದಕ್ಕೆ ಬೇರೆ ಹಣ ಅಂತ ಮೊದಲೇ ಮೇಲ್‌ನಲ್ಲಿ ಬರೆಯಿರಿ. ನಾಳೆ ಬೆಳಗ್ಗೆ ಬರೆಯಲು ಕೂರಬೇಡಿ. ಬಾಕಿ ಪಟ್ಟಿ ಮಾಡಿ, ಮೊದಲ ಫೋನ್ ಮಾಡಿ. ಆ ಟ್ರ್ಯಾಕ್ಟರ್ ಸ್ಕ್ರಿಪ್ಟ್‌ನಿಂದ ಕಂಪನಿ ಹೆಸರು ತೆಗೆದು ನನಗೆ ಮೆಸೇಜ್‌ನಲ್ಲಿ ಕಳಿಸಿ. ನಮ್ಮತ್ತೆ ಹಾವೇರಿ ಜಿಲ್ಲೆಯ ಬ್ಯಾಡಗಿಯವರು, ಅವರಿಗೆ ಓದಿ ಹೇಳಿ ಏನಂದರು ಅಂತ ತಿಳಿಸುತ್ತೇನೆ.