ಬ್ಲಾಗ್ ಕಟ್ಟೆ: ದಿನಕ್ಕೆ ಆರು ಓದು, ಅದರಲ್ಲಿ ಎರಡು ನನ್ನದೇ

ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು. ಎಂಟು ವರ್ಷ ಗೋವಾ ಗಡಿಯ ಕ್ಯಾಸಲ್‌ರಾಕ್‌ನಲ್ಲೇ ಇದ್ದೆ. ನಿವೃತ್ತಿಯಾದ ಮೇಲೆ ಮಗಳು ಬ್ಲಾಗ್ ಮಾಡಿಕೊಟ್ಟಳು. ಒಂದೂವರೆ ವರ್ಷದಲ್ಲಿ 43 ಬರಹ ಹಾಕಿದ್ದೇನೆ. ದಿನಕ್ಕೆ ಆರು ಓದು ತೋರಿಸುತ್ತದೆ. ಅದರಲ್ಲಿ ಎರಡು ನನ್ನದೇ. ಎಲ್ಲಿ ತಪ್ಪಿದ್ದೇನೆ?
– ನಿವೃತ್ತ ಸ್ಟೇಷನ್ ಮಾಸ್ಟರ್, ಧಾರವಾಡ

ನಮಸ್ಕಾರ ಸರ್. ನಿಮ್ಮ ಬರಹಗಳಲ್ಲಿ ಹನ್ನೊಂದನ್ನು ಕೂತು ಓದಿದೆ. ನೇರವಾಗಿ ಹೇಳ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ‘ಬದುಕೊಂದು ರೈಲು ಪಯಣ’, ‘ತಾಳ್ಮೆಯ ಮಹತ್ವ’, ‘ನಗು ದಿವ್ಯ ಔಷಧ’. ಇವನ್ನು ಜನ್ಮದಲ್ಲಿ ರೈಲು ಹತ್ತದವರೂ ಬರೆಯಬಹುದು. ಬೆಳಗ್ಗೆ ವಾಟ್ಸಾಪ್ ತೆರೆದರೆ ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಇದೇ ಇರುತ್ತದೆ. ಪುಕ್ಕಟೆ ಸಿಗುವುದನ್ನು ಹುಡುಕಿಕೊಂಡು ನಿಮ್ಮ ಮನೆಗೆ ಯಾರು ಬರುತ್ತಾರೆ?

ಆದರೆ ‘ತಾಳ್ಮೆಯ ಮಹತ್ವ’ದ ಐದನೇ ಪ್ಯಾರಾದಲ್ಲಿ ಒಂದು ಸಾಲು ಇದೆ. “ಆ ರಾತ್ರಿ ಬ್ಯಾಂಕರ್ ಬರುವವರೆಗೆ ಗೂಡ್ಸ್ ಗಾಡಿ ಕೆಳಗೆ ಕುಳೆಂನಲ್ಲೇ ಕಾದಿತ್ತು. ಮೇಲೆ ನಾನು, ಮಳೆ, ಒಂದು ಲಾಟೀನು.” ಅಲ್ಲಿ ನಾನು ನಿಂತುಬಿಟ್ಟೆ. ನಾನು 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಬ್ಯಾಂಕಿನವರು ನಡುರಾತ್ರಿ ರೈಲ್ವೆಗೆ ಯಾಕೆ ಬೇಕಪ್ಪಾ ಅಂದುಕೊಂಡೆ! ಕೊನೆಗೆ ಪಕ್ಕದ ಮನೆಯ ಹುಡುಗನನ್ನು ಕೇಳಿದೆ. ಘಾಟಿ ಹತ್ತುವಾಗ ಗಾಡಿಯನ್ನು ಹಿಂದಿನಿಂದ ತಳ್ಳುವ ಎಂಜಿನ್‌ಗೆ ಬ್ಯಾಂಕರ್ ಅನ್ನುತ್ತಾರಂತೆ. ಗೋವಾದ ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಬರುವ ಘಾಟಿಯಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ರೈಲಿಗೆ ಅದು ಗೋಡೆ ಹತ್ತಿದ ಹಾಗೆ.

ಸರ್, ಇದನ್ನು ನೀವು ಹೇಳಬೇಕಿತ್ತು. ಪಕ್ಕದ ಮನೆಯ ಹುಡುಗ ಅಲ್ಲ.

ಬ್ಯಾಂಕರ್ ಬಂದ ಆ ರಾತ್ರಿಯಿಂದಲೇ ಶುರು ಮಾಡಿ. ತಾಳ್ಮೆ ಅನ್ನುವ ಪದ ಒಂದು ಸಲವೂ ಬರುವುದು ಬೇಡ. ನನಗೆ ಗೊತ್ತಾಗಬೇಕಾದದ್ದು ಬೇರೆ. ಮುಂದಿನ ಎಂಜಿನ್ನಿನವರೂ ಹಿಂದಿನ ಎಂಜಿನ್ನಿನವರೂ ಒಬ್ಬರಿಗೊಬ್ಬರು ಹೇಗೆ ಸನ್ನೆ ಮಾಡುತ್ತಿದ್ದರು? ಮಳೆಗಾಲದಲ್ಲಿ ರಾತ್ರಿ ಹಳಿ ಕಾಯಲು ನಡೆಯುವವರ ಕಾಲಿಗೆ ಉಂಬಳ ಹತ್ತಿದರೆ ಏನು ಹಚ್ಚುತ್ತಿದ್ದರು? ಎಂಟು ವರ್ಷ ನಿಮಗೆ ತರಕಾರಿ ಎಲ್ಲಿಂದ ಬರುತ್ತಿತ್ತು? ಮತ್ತೆ ಆ ಬಾಲ್ ಟೋಕನ್. ಒಂದೇ ಹಳಿ ಇರುವ ಕಡೆ ಆ ಕಬ್ಬಿಣದ ಚೆಂಡು ಕೈಗೆ ಬರದೆ ಡ್ರೈವರ್ ಮುಂದೆ ಹೋಗುವಂತಿರಲಿಲ್ಲ. ಒಂದು ಚೆಂಡು ಹೊರಗಿದ್ದರೆ ಯಂತ್ರ ಇನ್ನೊಂದನ್ನು ಕೊಡುತ್ತಿರಲಿಲ್ಲ. ನೀವು ಅದನ್ನು ಸಾವಿರ ಸಲ ಮುಟ್ಟಿರುತ್ತೀರಿ. ನಿಮಗೆ ಅದು ಮಾಮೂಲು. ನಮಗಲ್ಲ.

ನನ್ನ ಕಥೆಯೂ ಇದೇ ಆಗಿತ್ತು. 2007ರಲ್ಲಿ ಬ್ಲಾಗ್ ಶುರು ಮಾಡಿದಾಗ ಎರಡು ವರ್ಷ ಬರೀ ಚಿಂತನೆ ಬರೆದೆ. ಅರವತ್ತರ ಹತ್ತಿರ ಬರಹ. ಓದುತ್ತಿದ್ದವರು ನನ್ನ ತಂಗಿ, ಮತ್ತೆ ತಾವೂ ಬ್ಲಾಗ್ ಬರೆಯುತ್ತಿದ್ದ ನಾಲ್ಕೈದು ಜನ. ನಾನು ಅವರ ಬ್ಲಾಗಿಗೆ ಹೋಗಿ ‘ಚೆನ್ನಾಗಿದೆ’ ಅನ್ನುವುದು, ಅವರು ನನ್ನಲ್ಲಿಗೆ ಬಂದು ‘ಚೆನ್ನಾಗಿದೆ’ ಅನ್ನುವುದು. ಮದುವೆ ಮನೆಯ ಮುಯ್ಯಿ ಇದ್ದ ಹಾಗೆ.

2009ರ ಬೇಸಿಗೆಯಲ್ಲಿ ರಿಪ್ಪನ್‌ಪೇಟೆಯಿಂದ 500 ಅಪ್ಪೆಮಿಡಿ ತರಿಸಿ ಉಪ್ಪಿಗೆ ಹಾಕಿದೆ. ಒಂದು ಜಾಡಿ ಪೂರ್ತಿ ಮೆತ್ತಗಾಗಿ ಹಾಳಾಯಿತು. ತೊಟ್ಟು ಮುರಿದ ಮಿಡಿಗಳನ್ನು ಆರಿಸಿ ತೆಗೆದಿರಲಿಲ್ಲ. ತೊಟ್ಟು ಹೋದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಮಿಡಿ ಬಾಳುವುದಿಲ್ಲ. ಅತ್ತೆ ಜಾಡಿಯೊಳಗೆ ಇಣುಕಿ ಒಂದೇ ಮಾತು ಅಂದರು: “ಎಣಿಸಿ ಹಾಕಿದ್ಯಾ, ನೋಡಿ ಹಾಕಿದ್ಯಾ?” ಬ್ಯಾಂಕಿನವಳು, ಎಣಿಸಿಯೇ ಹಾಕಿದ್ದೆ. ಸಿಟ್ಟಿನಲ್ಲಿ ಆ ರಾತ್ರಿಯೇ ಎಲ್ಲ ಬರೆದು ಹಾಕಿದೆ. ಒದ್ದೆ ಸೌಟು ಮುಟ್ಟಿಸಿದ್ದು, ವಾಸನೆ ಬಂದರೂ ಎರಡು ದಿನ ಸುಮ್ನೆ ಬಿಟ್ಟದ್ದು, ಅತ್ತೆಯ ಮಾತು, ಎಲ್ಲ.

ಗುರುತೇ ಇಲ್ಲದವರು ಬಂದರು. ‘ನಮ್ಮದೂ ಹಾಗೇ ಆಯ್ತು ಮೇಡಂ, ಉಪ್ಪು ಎಷ್ಟು ಹಾಕಿದ್ರಿ’ ಅಂದರು. ಒಬ್ಬರು ಕಲ್ಲುಪ್ಪಿನ ಬಗ್ಗೆ ಕೇಳಿದರು, ಅದು ಮುಂದಿನ ಬರಹವಾಯಿತು. ಇನ್ನೊಬ್ಬರು ಜಾಡಿಯ ಬಾಯಿಗೆ ಬಟ್ಟೆ ಕಟ್ಟುವುದು ಹೇಗೆ ಅಂದರು, ಅದು ಅದರ ಮುಂದಿನದು. ಇವತ್ತಿಗೂ ಮಾರ್ಚ್ ಬಂದರೆ ಆ ಹಾಳಾದ ಜಾಡಿಗೆ ಜನ ಬರುತ್ತಾರೆ. ನನ್ನ ಅರವತ್ತು ಚಿಂತನೆಗಳನ್ನು ಆಮೇಲೆ ನಾನೇ ಅಳಿಸಿದೆ. ಯಾರೂ ಕೇಳಲಿಲ್ಲ.

ಇನ್ನು ಹೊಸ ಓದುಗರ ವಿಷಯ. ಬರೆದ ಲಿಂಕನ್ನು ಇದ್ದಬದ್ದ ಗುಂಪಿಗೆಲ್ಲ ತುರುಕಬೇಡಿ. ನಿಮ್ಮ ಜೊತೆ ಕೆಲಸ ಮಾಡಿದ ಹತ್ತು ಜನಕ್ಕೆ ಬೇರೆ ಬೇರೆಯಾಗಿ ಕಳಿಸಿ, ಜೊತೆಗೆ ಒಂದು ಪ್ರಶ್ನೆ ಕೇಳಿ. ‘ಆ ವರ್ಷ ಗುಡ್ಡ ಕುಸಿದಾಗ ಡ್ಯೂಟಿಯಲ್ಲಿ ನೀನೇ ಇದ್ಯಲ್ಲ, ನಾನು ಬರೆದದ್ದು ಸರಿ ಇದೆಯಾ?’ ಹೀಗೆ. ತಪ್ಪು ಹುಡುಕಿ ಅಂದರೆ ಜನ ಪೂರ್ತಿ ಓದುತ್ತಾರೆ. ಹುಡುಕಿಯೂ ಕೊಡುತ್ತಾರೆ, ಅದು ನಿಮಗೇ ಲಾಭ. ರೈಲು ಹುಚ್ಚಿನ ಹುಡುಗರಂತೂ ದೇಶದ ತುಂಬ ಇದ್ದಾರೆ, ಒಬ್ಬನ ಕಣ್ಣಿಗೆ ಬಿದ್ದರೆ ಸಾಕು.

ಅಂದ ಹಾಗೆ, ಗೂಗಲ್‌ನ ಬ್ಲಾಗರ್ ತಾಣದ ಅಂಕಿಅಂಶ ಪುಟದಲ್ಲಿ ನಿಮ್ಮ ಸ್ವಂತ ಭೇಟಿಯನ್ನು ಎಣಿಸದ ಹಾಗೆ ಮಾಡುವ ಆಯ್ಕೆ ಇದೆ. ಆ ಎರಡು ಓದನ್ನು ಮೊದಲು ಕಳೆಯಿರಿ.

ನಾನು ಅಡುಗೆ ಬಗ್ಗೆ ಬರೆಯುತ್ತೇನೆ. ಓದಿದವರೆಲ್ಲ ಹೊಗಳುತ್ತಾರೆ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ನನ್ನ ಬ್ಲಾಗ್ ಬರುವುದೇ ಇಲ್ಲ.
– ಗೃಹಿಣಿ, ಕುಂದಾಪುರ

ನಿಮ್ಮ ಪತ್ರೊಡೆಯ ಬರಹ ಓದಿ ನನಗೆ ಹಸಿವಾಯಿತು. ಅದರ ಶೀರ್ಷಿಕೆ ಏನು ಇಟ್ಟಿದ್ದೀರಿ? ‘ಆಷಾಢದ ಒಂದು ಮಧ್ಯಾಹ್ನ’. ಕೆಸುವಿನ ಎಲೆ ಕೈಯಲ್ಲಿ ಹಿಡಿದುಕೊಂಡು ಯಾರಾದರೂ ಆಷಾಢದ ಮಧ್ಯಾಹ್ನ ಅಂತ ಹುಡುಕುತ್ತಾರಾ? ‘ಪತ್ರೊಡೆ: ಎಲೆ ತುರಿಸದ ಹಾಗೆ ಮಾಡುವುದು ಹೇಗೆ’ ಅಂತಿಡಿ. ಆಷಾಢವನ್ನು ಒಳಗೆ ಎಷ್ಟು ಬೇಕಾದರೂ ಸುರಿಸಿ. ನಿಮ್ಮ ಕಡೆ ಪತ್ರೊಡೆ, ಕೆಲವರ ಬಾಯಲ್ಲಿ ಪತ್ರಡೆ. ಎರಡೂ ರೂಪ ಬರಹದಲ್ಲಿ ಒಂದೊಂದು ಸಲ ಬಂದರೆ ಒಳ್ಳೆಯದು, ಹುಡುಕುವವರು ಹೇಗೆ ಟೈಪ್ ಮಾಡುತ್ತಾರೋ ಗೊತ್ತಿಲ್ಲವಲ್ಲ. ಹುಣಸೆಹುಳಿ ಯಾಕೆ ಬೇಕು ಅನ್ನುವುದನ್ನು ಕೊನೆಗೆ ಅಡಗಿಸಿದ್ದೀರಿ. ಅದನ್ನೇ ಮೊದಲು ಹೇಳಿ. ಗಂಟಲು ಕೆರೆದವರಿಗೆ ಬೇಕಾಗಿರುವುದು ಅದೊಂದೇ.

ಇನ್ನೊಂದು ಸಣ್ಣ ಸಂಗತಿ, ಕನ್ನಡದಲ್ಲಿ ಬರೆಯುವವರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬ್ಲಾಗರ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ಲಿಂಕಿನಲ್ಲಿ ಆ ಹೆಸರು ಬರುವುದಿಲ್ಲ. ಸುಮ್ನೆ ‘ಬ್ಲಾಗ್-ಪೋಸ್ಟ್’ ಅಂತ ಬರುತ್ತದೆ, ಮುಂದೆ ಒಂದಿಷ್ಟು ಅಂಕಿ. ನಿಮ್ಮ ಎಲ್ಲ ಬರಹಗಳ ಲಿಂಕೂ ಹಾಗೇ ಇದೆ, ನೋಡಿ. ಪ್ರಕಟಿಸುವ ಮೊದಲು ಪಕ್ಕದ ಪಟ್ಟಿಯಲ್ಲಿ ಪರ್ಮಾಲಿಂಕ್ ಅನ್ನುವುದನ್ನು ಒತ್ತಿ, ತಿಂಡಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ನೋಡಿದವರಿಗೆ ಲಿಂಕ್ ಯಾವುದರದ್ದು ಅಂತ ತಿಳಿಯುತ್ತದೆ. ಹಳೆಯ ಬರಹಗಳ ಲಿಂಕನ್ನು ಮಾತ್ರ ಮುಟ್ಟಬೇಡಿ. ಯಾರೋ ಎಲ್ಲೋ ಹಂಚಿರುತ್ತಾರೆ, ಅದು ಮುರಿಯುತ್ತದೆ. ವರ್ಡ್‌ಪ್ರೆಸ್ ಅನ್ನುವ ಇನ್ನೊಂದು ತಾಣದಲ್ಲಿ ಬರೆಯುವವರ ಗೋಳು ಇನ್ನೊಂದು ಥರ. ಅಲ್ಲಿ ಕನ್ನಡ ಲಿಂಕನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಮಾರುದ್ದ ಬಾಲ ಬರುತ್ತದೆ. ನೋಡಿದವರು ವೈರಸ್ ಅಂದುಕೊಂಡು ಒತ್ತುವುದೇ ಇಲ್ಲ. ಅಲ್ಲೂ ಲಿಂಕಿನ ಹೆಸರನ್ನು ಚಿಕ್ಕದಾಗಿ ಬದಲಿಸಬಹುದು.

ನುಡಿಯಲ್ಲಿ ಟೈಪ್ ಮಾಡಿದ ಇನ್ನೂರು ಪುಟ ನನ್ನ ಹತ್ತಿರ ಇದೆ. ಬ್ಲಾಗಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳು ಟೋಪಿ ಹಾಕಿಕೊಂಡು ಬರುತ್ತವೆ.
– ಶಿಕ್ಷಕ, ಕಲಬುರಗಿ

ನಿಮ್ಮ ಕಂಪ್ಯೂಟರಿನಲ್ಲಿರುವುದು ಹಳೆಯ ನುಡಿ ಫಾಂಟಿನ ಬರಹ. ಒಳಗೆ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಗೂಗಲ್ ಕಣ್ಣಿಗೂ ಅದು ಕನ್ನಡವಲ್ಲ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಯುನಿಕೋಡ್‌ಗೆ ಬದಲಿಸಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಲೇಬೇಕು. ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪಿ ಕೂತಿರುತ್ತವೆ. ಮತ್ತೆ ಇನ್ನೂರು ಪುಟವನ್ನೂ ಒಂದೇ ದಿನ ಸುರಿಯಬೇಡಿ ಮೇಷ್ಟ್ರೇ.

ಮೇಡಂ, ನಿನ್ನೆ ಒಂದೇ ದಿನ ಸಿಂಗಾಪುರದಿಂದ 900 ಜನ ನನ್ನ ಕವನಗಳನ್ನು ಓದಿದ್ದಾರೆ! ಇದನ್ನು ಹೇಗೆ ಉಳಿಸಿಕೊಳ್ಳಲಿ?
– ಕವಿ, ತುಮಕೂರು

ಹೇಳಲು ಸಂಕಟ ಆಗುತ್ತದೆ. ಅವರು ಬಹುತೇಕ ಜನ ಅಲ್ಲ, ಪುಟ ಜಾಲಾಡುವ ಯಂತ್ರಗಳು. ನಾಳೆ ಹೊರಟುಹೋಗುತ್ತವೆ. ಕಾಮೆಂಟಿನಲ್ಲಿ ಒಬ್ಬರು ‘ಮೂರನೇ ಸಾಲು ಅರ್ಥವಾಗಲಿಲ್ಲ’ ಅಂದಿದ್ದಾರಲ್ಲ, ಅವರಿಗೆ ಉತ್ತರ ಕೊಡಿ. ಅವರು ನಿಜವಾದ ಮನುಷ್ಯರು.

ನನ್ನ ಬರಹ ನನ್ನ ಹೆಸರಿಲ್ಲದೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಏನು ಮಾಡಲಿ? ಬರೆಯುವುದನ್ನೇ ಬಿಟ್ಟುಬಿಡೋಣ ಅನ್ನಿಸುತ್ತಿದೆ.
– ಓದುಗರು, ಹಾಸನ

ಬಿಡಬೇಡಿ. ನನ್ನ ಬರಹವೊಂದು ನಮ್ಮ ಭಾವನವರ ಕೈಯಿಂದಲೇ ನಮ್ಮ ಮನೆ ಗುಂಪಿಗೆ ಬಂದಿತ್ತು. ಕೆಳಗೆ ‘ಯಾರು ಬರೆದರೋ, ಅದ್ಭುತ’ ಅಂತ ಒಂದು ಸಾಲು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನೇ ಬರೆದದ್ದು ಅಂದೆ. ಅರ್ಧ ಜನ ನಂಬಲಿಲ್ಲ.

ಕಾನೂನು ನಿಮ್ಮ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಆಗಲೇಬೇಕು ಅಂತಿಲ್ಲ. ನೀವಿರುವಷ್ಟು ಕಾಲ, ಆಮೇಲೆ 60 ವರ್ಷ. ಬೇರೆ ಬ್ಲಾಗಿನವರು ಕದ್ದು ಹಾಕಿದ್ದರೆ ಬ್ಲಾಗ್ ಜಾಗ ಕೊಟ್ಟ ಕಂಪನಿಗೆ ದೂರು ಕೊಡಿ, ತೆಗೆಸಬಹುದು. ವಾಟ್ಸಾಪ್‌ನಲ್ಲಿ ಮಾತ್ರ ಯಾರ ಹಿಂದೆ ಓಡುತ್ತೀರಿ? ಅಲ್ಲಿ ಕೆಳಗಿನ ಹೆಸರನ್ನು ಕತ್ತರಿಸುವುದು ಸುಲಭ. ಹಾಗಾಗಿ ನಾನು ಕೊನೆಯಲ್ಲಿ ಹೆಸರು ಹಾಕುವುದು ಬಿಟ್ಟು, ಬರಹದ ಹೊಟ್ಟೆಯೊಳಗೆ ನನ್ನನ್ನು ಇಡುತ್ತೇನೆ. ನಮ್ಮ ಅತ್ತೆ, ಸಾಗರದ ಮನೆ, ನನ್ನ ಬ್ಯಾಂಕಿನ ಕೌಂಟರ್, ಹಿಂದೆ ಬ್ಲಾಗಿನಲ್ಲಿ ಹೇಳಿದ ಜಾಡಿ. ಅವನ್ನೆಲ್ಲ ತೆಗೆದರೆ ಬರಹವೇ ಉಳಿಯುವುದಿಲ್ಲ. ತೆಗೆಯದಿದ್ದರೆ ಯಾರದ್ದು ಅಂತ ಗೊತ್ತಾಗುತ್ತದೆ.

ವಾರಕ್ಕೆ ಎಷ್ಟು ಬರೆಯಬೇಕು? ದಿನಾ ಬರೆದರೆ ಮಾತ್ರ ಓದುಗರು ಹೆಚ್ಚುತ್ತಾರೆ ಅನ್ನುತ್ತಾರೆ, ನಿಜವಾ? ಎಷ್ಟು ದುಡ್ಡು ಬರಬಹುದು?
– ವಿದ್ಯಾರ್ಥಿನಿ, ಬೆಂಗಳೂರು

ದುಡ್ಡಿನ ಉತ್ತರ ಮೊದಲು ಕೊಡ್ತೇನೆ ಕಂದಾ: ಅದನ್ನು ನೆಚ್ಚಿಕೊಂಡು ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಮಾಡಬೇಡ.

ದಿನಾ ಬರೆಯಲು ನನ್ನಿಂದ ಆಗಿಲ್ಲ. ತಿಂಗಳಿಗೆ ಎರಡು, ಮಂಗಳವಾರ ರಾತ್ರಿ. ಓದುಗರಿಗೆ ವಾರ ಗೊತ್ತಿದ್ದರೆ ಸಾಕು, ಹಾಲಿನವನ ಹೊತ್ತು ಗೊತ್ತಿದ್ದ ಹಾಗೆ. ಮಿಡಿಯ ಬರಹ ಫೆಬ್ರವರಿ ಕೊನೆಗೆ, ಹಲಸಿನ ಹಪ್ಪಳದ್ದು ಏಪ್ರಿಲ್‌ಗೆ. ಜನ ಜಾಡಿ ತೊಳೆಯುವ ಮೊದಲೇ ಬರಹ ಅಲ್ಲಿರಬೇಕು. ಹೊಸದು ಹೊಳೆಯದ ತಿಂಗಳು ಹಳೆಯದನ್ನು ತೆರೆದು ತಿದ್ದುತ್ತೇನೆ. ಬೆಲೆ ಬದಲಾಗಿರುತ್ತದೆ, ಯಾರೋ ಒಬ್ಬರು ಒಳ್ಳೆಯ ಉಪಾಯ ಹೇಳಿರುತ್ತಾರೆ, ಅದನ್ನು ಸೇರಿಸುತ್ತೇನೆ.

ಇನ್ನೊಂದು ಕೆಲಸ ಇವತ್ತೇ ಮಾಡು. ಬರೆದದ್ದರ ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. ನಾನು ಹಿಂದೊಮ್ಮೆ ಚೆಂದ ಕಾಣುತ್ತದೆ ಅಂತ ಹೊಸದೊಂದು ಕಾಮೆಂಟ್ ಪೆಟ್ಟಿಗೆ ಜೋಡಿಸಿಕೊಂಡಿದ್ದೆ. ಕೆಲವು ವರ್ಷಕ್ಕೆ ಆ ಸೇವೆ ನಿಂತಿತು. ಓದುಗರು ಬರೆದಿದ್ದ ನೂರಾರು ಕಾಮೆಂಟು ಒಂದೇ ದಿನ ಮಾಯ. ಉಪ್ಪಿನ ಅಳತೆಗೆ ಒಬ್ಬ ಅಜ್ಜಿ ಹೇಳಿದ್ದ ಲೆಕ್ಕ ಅದರಲ್ಲಿತ್ತು. ನಾನು ಎಲ್ಲೂ ಬರೆದುಕೊಂಡಿರಲಿಲ್ಲ. ಈಗ ಆರು ತಿಂಗಳಿಗೊಮ್ಮೆ ಬ್ಲಾಗಿನ ಬ್ಯಾಕಪ್ ಇಳಿಸಿಕೊಳ್ಳುತ್ತೇನೆ. ಫೋಟೊಗಳನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಡುತ್ತೇನೆ.

ಕೊನೆಗೆ ಧಾರವಾಡದ ಸ್ಟೇಷನ್ ಮಾಸ್ಟರ್ ಸಾಹೇಬರಿಗೆ ಒಂದು ಮಾತು. ಬ್ಯಾಂಕರ್ ಬರಹ ಹಾಕಿದ ದಿನ ನನಗೂ ಲಿಂಕ್ ಕಳಿಸಿ. ನಿಮ್ಮ ಲೆಕ್ಕದಲ್ಲಿ ನಾನು ಏಳನೆಯವಳು. ಬ್ಯಾಂಕಿನ ಲೆಕ್ಕದಲ್ಲಿ ಐದನೆಯವಳು.